ಪ್ರವಾಸದ ನಡುವೆ ಮುಂದಿನ ದೇಶದ ವೀಸಾ: ಯಾವುದು ದಾರಿಯಲ್ಲೇ ಸಿಗುತ್ತದೆ, ಯಾವುದನ್ನು ಊರಿನಿಂದಲೇ ಮಾಡಿಸಿಕೊಂಡು ಹೊರಡಬೇಕು

ಮಗ ಲಂಡನ್‌ನಲ್ಲಿ ಕೆಲಸದಲ್ಲಿದ್ದಾನೆ. ಅಪ್ಪ-ಅಮ್ಮ ಮೈಸೂರಿನಿಂದ ಆರು ತಿಂಗಳ ಬ್ರಿಟನ್ ವೀಸಾ ಮಾಡಿಸಿಕೊಂಡು ಅವನ ಮನೆಗೆ ಹೋಗುತ್ತಾರೆ. ಒಂದೆರಡು ತಿಂಗಳಾದ ಮೇಲೆ ಮಾತು ಬರುತ್ತದೆ: "ಪ್ಯಾರಿಸ್ ಇಲ್ಲಿಂದ ರೈಲಿನಲ್ಲಿ ಎರಡೂಕಾಲು ಗಂಟೆ ಅಷ್ಟೇ. ಇಲ್ಲೇ ವೀಸಾ ಮಾಡಿಸಿ ಹೋಗಿಬರೋಣ." ವಿಚಾರಿಸಿದಾಗ ಗೊತ್ತಾಗುತ್ತದೆ: ಮಗ ಲಂಡನ್‌ನಲ್ಲೇ ಫ್ರಾನ್ಸ್ ವೀಸಾಗೆ ಅರ್ಜಿ ಹಾಕಬಹುದು, ಅಪ್ಪ-ಅಮ್ಮನ ಅರ್ಜಿಯನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ. ಮೂವರದ್ದೂ ಅದೇ ಭಾರತದ ಪಾಸ್‌ಪೋರ್ಟ್.

ವೀಸಾ ಕೊಡುವವರು ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ನೋಡುತ್ತಾರೆ ಅನ್ನೋದು ಎಲ್ಲರಿಗೂ ಗೊತ್ತು. ಅರ್ಜಿ ಹಾಕಿದವರು ವಾಸ ಮಾಡುತ್ತಿರುವುದು ಎಲ್ಲಿ ಅಂತಲೂ ಅವರು ಅಷ್ಟೇ ಗಟ್ಟಿಯಾಗಿ ನೋಡುತ್ತಾರೆ. ಮಗನಿಗೆ ಬ್ರಿಟನ್ನಿನಲ್ಲಿ ಕೆಲಸದ ವೀಸಾ ಇದೆ, ಬಾಡಿಗೆ ಮನೆ ಇದೆ, ಪ್ರತಿ ತಿಂಗಳು ಸಂಬಳ ಬರುತ್ತದೆ. ಅವನು ಅಲ್ಲಿನ ನಿವಾಸಿ. ಅಪ್ಪ-ಅಮ್ಮ ಅಲ್ಲಿಗೆ ಬಂದ ಅತಿಥಿಗಳು. ಅತಿಥಿಯಾಗಿ ಇರುವ ದೇಶದಲ್ಲಿ ನಿಂತು ಮೂರನೇ ದೇಶದ ವೀಸಾ ಕೇಳಿದರೆ ಕೆಲವು ದೇಶಗಳು ಕೊಡುತ್ತವೆ, ಕೆಲವು ಊರಿಗೆ ಹೋಗಿ ಕೇಳಿ ಅನ್ನುತ್ತವೆ. ಯಾವ ದೇಶ ಯಾವ ಗುಂಪಿಗೆ ಸೇರುತ್ತದೆ ಅನ್ನೋದನ್ನು ಹೊರಡುವ ಮುಂಚೆಯೇ ತಿಳಿದುಕೊಂಡರೆ ಅರ್ಧ ತಲೆನೋವು ಕಡಿಮೆ.

ಊರಿಗೆ ಹೋಗಿ ಕೇಳಿ ಅನ್ನುವುದು ಬರೀ ಹಟವಲ್ಲ. ಪ್ರವಾಸಿ ವೀಸಾ ಅರ್ಜಿಯನ್ನು ಓದುವ ಅಧಿಕಾರಿಗೆ ಬೇಕಾಗಿರುವುದು ಮುಖ್ಯವಾಗಿ ಒಂದೇ ಉತ್ತರ: ಈ ಮನುಷ್ಯ ಸುತ್ತಾಡಿ ವಾಪಸ್ ಹೋಗುತ್ತಾನಾ? ಅದಕ್ಕೆ ಸಾಕ್ಷಿ ಇರುವುದು ಊರಿನಲ್ಲಿ. ಕೆಲಸ, ಮನೆ, ಜಮೀನು, ಪಿಂಚಣಿ, ಓದುತ್ತಿರುವ ಮಕ್ಕಳು, ಕಟ್ಟಿದ ತೆರಿಗೆ. ಬೆಂಗಳೂರಿನ ಅರ್ಜಿಗಳನ್ನು ದಿನವೂ ನೋಡುವ ಕಚೇರಿಗೆ ನಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್ಸ್, ಕಂಪನಿಯ ರಜೆ ಪತ್ರ ಎಲ್ಲ ಪರಿಚಿತ. ಅನುಮಾನ ಬಂದರೆ ಒಂದು ಫೋನ್ ಮಾಡಿ ಕೇಳಬಹುದು. ಬ್ಯಾಂಕಾಕ್‌ನಲ್ಲಿ ಕೂತ ಅಧಿಕಾರಿಗೆ ಇದೆಲ್ಲ ಹೊಸದು. ಅಲ್ಲಿನ ಕೆಲಸವೇ ಬೇಕಾದಷ್ಟು ಇರುವಾಗ ದಾರಿಹೋಕರ ಅರ್ಜಿಗೆ ಅವರು ಸಮಯ ಕೊಡುವುದಿಲ್ಲ.

ಷೆಂಗೆನ್: ಇದನ್ನು ಊರಿನಲ್ಲೇ ಮಾಡಿಸಿ

ಫ್ರಾನ್ಸ್ ಸೇರಿದಂತೆ ಯುರೋಪಿನ 29 ದೇಶಗಳು ಒಟ್ಟಾಗಿ ಕೊಡುವ ಷೆಂಗೆನ್ ವೀಸಾದ ನಿಯಮಗಳು 2009ರ ವೀಸಾ ಸಂಹಿತೆಯಲ್ಲಿವೆ. ಅದರ 6ನೇ ವಿಧಿ ನಮ್ಮ ವಿಷಯಕ್ಕೆ ನೇರವಾಗಿ ಬರುತ್ತದೆ. ಅರ್ಜಿದಾರ ಕಾನೂನು ಪ್ರಕಾರ ಎಲ್ಲಿ ವಾಸ ಮಾಡುತ್ತಾನೋ ಆ ಭಾಗದ ಕಾನ್ಸುಲೇಟ್ ಅವನ ಅರ್ಜಿಯನ್ನು ನೋಡಬೇಕು. ಇದು ಮೂಲ ನಿಯಮ. ಅದೇ ವಿಧಿಯಲ್ಲಿ ಒಂದು ಸಣ್ಣ ಕಿಟಕಿಯೂ ಇದೆ: ಅಲ್ಲಿ ವಾಸವಿಲ್ಲದಿದ್ದರೂ ಕಾನೂನುಬದ್ಧವಾಗಿ ಬಂದಿರುವವರು, ಇಲ್ಲೇ ಯಾಕೆ ಅರ್ಜಿ ಹಾಕುತ್ತಿದ್ದೇನೆ ಅನ್ನುವುದಕ್ಕೆ ಸರಿಯಾದ ಕಾರಣ ತೋರಿಸಿದರೆ ಕಾನ್ಸುಲೇಟ್ ಅರ್ಜಿಯನ್ನು ಪರಿಶೀಲಿಸಬೇಕು.

ಈ ಎರಡನೇ ಸಾಲನ್ನು ಓದಿ ಬಹಳ ಜನ ಧೈರ್ಯ ತಂದುಕೊಳ್ಳುತ್ತಾರೆ. ಅದನ್ನೇ ನಂಬಿ ಟಿಕೆಟ್ ತೆಗೆಯಬೇಡಿ ಅಂತ ನಾನು ಹೇಳುತ್ತೇನೆ. ಕಾರಣ ಸರಿಯಾಗಿದೆಯೇ ಇಲ್ಲವೇ ಅಂತ ತೀರ್ಮಾನಿಸುವವರು ಅವರು. ಊರಿಗೆ ವಾಪಸ್ ಹೋಗಿ ಅರ್ಜಿ ಹಾಕುವುದು ಯಾಕೆ ಸಾಧ್ಯವಿರಲಿಲ್ಲ ಅಂತ ನೀವು ತೋರಿಸಬೇಕು. ಹೇಗೂ ಹತ್ತಿರ ಬಂದಿದ್ದೇವೆ, ವಿಮಾನದ ಖರ್ಚು ಉಳಿಯುತ್ತದೆ ಅನ್ನುವುದು ನಮಗೆ ದೊಡ್ಡ ಕಾರಣ, ಅವರಿಗಲ್ಲ. ಜೊತೆಗೆ ಅರ್ಜಿ ಮೊದಲು ಹೋಗುವುದು ಹೊರಗುತ್ತಿಗೆ ಕೇಂದ್ರಕ್ಕೆ, ಅಂದರೆ ಕಾನ್ಸುಲೇಟ್ ಪರವಾಗಿ ಅರ್ಜಿ ತೆಗೆದುಕೊಳ್ಳುವ ಖಾಸಗಿ ಕಂಪನಿಯ ಕಚೇರಿಗೆ. ಲಂಡನ್‌ನ ಇಂಥ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಬ್ರಿಟನ್ನಿನಲ್ಲಿ ವಾಸಕ್ಕೆ ಪರವಾನಗಿ ಇದೆಯೇ, ಯುರೋಪಿನಿಂದ ಹಿಂತಿರುಗಿದ ಮೇಲೂ ಅದಕ್ಕೆ ಮೂರು ತಿಂಗಳು ಅವಧಿ ಉಳಿದಿರುತ್ತದೆಯೇ ಅಂತ ನೋಡುತ್ತಾರೆ. ಪ್ರವಾಸಿ ವೀಸಾದಲ್ಲಿ ಬಂದವರು ಅಲ್ಲಿಯೇ ನಿಂತುಬಿಡುತ್ತಾರೆ. ಒಂದೊಂದು ದೇಶದ ಕಾನ್ಸುಲೇಟ್ ಅಪರೂಪಕ್ಕೆ ಒಪ್ಪಿದ್ದೂ ಉಂಟು. ನಿಜವಾಗಿಯೂ ತುರ್ತು ಇದ್ದರೆ ಮೊದಲು ಕಾನ್ಸುಲೇಟಿಗೆ ಇ-ಮೇಲ್ ಬರೆದು, ಅವರು ಸರಿ ಅಂದ ಉತ್ತರವನ್ನು ಪ್ರಿಂಟ್ ತೆಗೆದು ಇಟ್ಟುಕೊಂಡೇ ಕೇಂದ್ರಕ್ಕೆ ಹೋಗಿ.

ಹಾಗಾದರೆ ಮೈಸೂರಿನ ಅಪ್ಪ-ಅಮ್ಮ ಪ್ಯಾರಿಸ್ ನೋಡುವುದು ಹೇಗೆ? ಎರಡೂ ವೀಸಾಗಳನ್ನು ಇಲ್ಲಿಂದಲೇ ಮಾಡಿಸಿಕೊಂಡು ಹೋಗಬೇಕು. ಅದಕ್ಕೆ ಸ್ವಲ್ಪ ತಿಂಗಳ ಲೆಕ್ಕ ಬೇಕು.

ಬ್ರಿಟನ್ನಿನ ಸಂದರ್ಶಕ ವೀಸಾಗೆ ಪ್ರಯಾಣಕ್ಕೆ ಮೂರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ ಮೂರು ವಾರ. ಷೆಂಗೆನ್‌ಗೆ ಪ್ರಯಾಣಕ್ಕೆ ಆರು ತಿಂಗಳು ಮುಂಚೆಯಿಂದ ಹಾಕಬಹುದು, ಕೊನೆ ಪಕ್ಷ 15 ದಿನ ಮುಂಚೆ ಹಾಕಿರಬೇಕು. ತೀರ್ಮಾನಕ್ಕೆ 15 ದಿನ, ಹೆಚ್ಚಿನ ಪರಿಶೀಲನೆ ಬೇಕಾದರೆ 45 ದಿನದವರೆಗೂ ಎಳೆಯಬಹುದು. ಈಗ ಅಪ್ಪ-ಅಮ್ಮ ಏಪ್ರಿಲ್ ಕೊನೆಯಲ್ಲಿ ಲಂಡನ್‌ಗೆ ಹೋಗುತ್ತಾರೆ ಅಂದುಕೊಳ್ಳಿ. ಜನವರಿ ಕೊನೆಗೆ ಬ್ರಿಟನ್ ಅರ್ಜಿ ಹಾಕಿದರೆ ಫೆಬ್ರವರಿಯಲ್ಲಿ ಪಾಸ್‌ಪೋರ್ಟ್ ಕೈಗೆ ಬರುತ್ತದೆ. ಮಾರ್ಚ್ ಮೊದಲ ವಾರ ಷೆಂಗೆನ್ ಅರ್ಜಿ. ಮಾರ್ಚ್‌ನಲ್ಲಿ ಹಾಕಿದ ಅರ್ಜಿಯಲ್ಲಿ ಆಗಸ್ಟ್ ಕೊನೆಯವರೆಗಿನ ಯಾವ ತಾರೀಕನ್ನಾದರೂ ಕೇಳಬಹುದು. ಅಂದರೆ ಪ್ಯಾರಿಸ್ ಪ್ರವಾಸವನ್ನು ಜೂನ್‌ಗೋ ಜುಲೈಗೋ ಇಟ್ಟುಕೊಂಡರೆ ಎಲ್ಲ ಸಲೀಸು. ಅಕ್ಟೋಬರ್‌ಗೆ ಇಟ್ಟುಕೊಂಡರೆ ಮಾರ್ಚ್‌ನಲ್ಲಿ ಹಾಕುವ ಅರ್ಜಿಗೆ ಆರು ತಿಂಗಳ ಗಡಿ ದಾಟುತ್ತದೆ, ಏಪ್ರಿಲ್‌ನಲ್ಲಿ ಹಾಕಿದರೆ ಹೊರಡುವ ಮುಂಚೆ ಪಾಸ್‌ಪೋರ್ಟ್ ವಾಪಸ್ ಬರುವುದು ಕಷ್ಟ.

ಬ್ರಿಟನ್ ವೀಸಾ ಮೊದಲು, ಷೆಂಗೆನ್ ಆಮೇಲೆ ಅನ್ನುವ ಕ್ರಮಕ್ಕೂ ಕಾರಣ ಇದೆ. ಲಂಡನ್‌ನಿಂದ ಪ್ಯಾರಿಸ್‌ಗೆ ಹೋಗಿ ಲಂಡನ್‌ಗೆ ವಾಪಸ್ ಬರುತ್ತೇವೆ ಅಂತ ಬರೆದ ಮೇಲೆ, ಲಂಡನ್‌ಗೆ ಬರುವ ಹಕ್ಕು ನಿಮಗಿದೆ ಅಂತ ಫ್ರಾನ್ಸಿನವರಿಗೆ ಕಾಣಬೇಕು ಅಲ್ವಾ? ಇನ್ನೊಂದು ಕಡೆ ಬಹಳ ಜನ ಎಡವುತ್ತಾರೆ. ಷೆಂಗೆನ್ ವೀಸಾದ ಮೇಲೆ ಎಷ್ಟು ಸಲ ಒಳಗೆ ಬರಬಹುದು ಅಂತ ಬರೆದಿರುತ್ತದೆ. ಒಂದೇ ಪ್ರವೇಶದ ವೀಸಾ ಇಟ್ಟುಕೊಂಡು ಜೂನ್‌ನಲ್ಲಿ ಪ್ಯಾರಿಸ್ ನೋಡಿ ಲಂಡನ್‌ಗೆ ಬಂದರೆ ಅದು ಅಲ್ಲಿಗೆ ಮುಗಿಯಿತು. ಜುಲೈನಲ್ಲಿ ರೋಮ್‌ಗೆ ಹೋಗಬೇಕಾದರೆ ಎರಡು ಅಥವಾ ಹೆಚ್ಚು ಪ್ರವೇಶದ ವೀಸಾ ಬೇಕು. ಇದನ್ನು ಅರ್ಜಿಯಲ್ಲೇ ಕೇಳಬೇಕು, ಎರಡೂ ಪ್ರವಾಸಗಳ ಯೋಜನೆ ತೋರಿಸಬೇಕು.

ಅರ್ಜಿ ಹಾಕಬೇಕಾದ್ದು ಜಾಸ್ತಿ ದಿನ ಇರುವ ದೇಶಕ್ಕೆ. ದಿನಗಳು ಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ. 30,000 ಯೂರೋ ಮೊತ್ತದ ಪ್ರವಾಸ ವಿಮೆ ಬೇಕು. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟಿದ್ದಾಗಿರಬೇಕು, ಯುರೋಪಿನಿಂದ ಹೊರಟ ಮೇಲೂ ಮೂರು ತಿಂಗಳು ಬಾಳಬೇಕು, ಎರಡು ಖಾಲಿ ಪುಟ ಇರಬೇಕು. 2024ರ ಏಪ್ರಿಲ್‌ನಲ್ಲಿ ಭಾರತದಲ್ಲಿರುವ ಭಾರತೀಯರಿಗೆ ಒಂದು ಒಳ್ಳೆಯ ಬದಲಾವಣೆಯೂ ಬಂತು. ಮೂರು ವರ್ಷದೊಳಗೆ ಎರಡು ಷೆಂಗೆನ್ ವೀಸಾ ಪಡೆದು ನಿಯಮದಂತೆ ಬಳಸಿದವರಿಗೆ ಎರಡು ವರ್ಷದ, ಹಲವು ಪ್ರವೇಶದ ವೀಸಾ ಸಿಗುವ ದಾರಿ ತೆರೆಯಿತು. ಅದಾದ ಮೇಲೆ ಐದು ವರ್ಷದ್ದು. ಈ ಅನುಕೂಲ ಭಾರತದಲ್ಲಿ ವಾಸಿಸುವವರು ಇಲ್ಲಿಂದ ಹಾಕುವ ಅರ್ಜಿಗೆ. ಆಗಾಗ ವಿದೇಶಕ್ಕೆ ಹೋಗುವವರು ಇದನ್ನು ಬಿಡಬಾರದು. ಅಂಥ ವೀಸಾ ಪಾಸ್‌ಪೋರ್ಟಿನಲ್ಲಿದ್ದರೆ ಜಗತ್ತಿನ ಯಾವ ಮೂಲೆಯಿಂದ ಬೇಕಾದರೂ ಯುರೋಪಿನ ವಿಮಾನ ಹತ್ತಬಹುದು.

ಅಮೆರಿಕದ ಬಾಗಿಲು ಈಗ ಮುಚ್ಚಿದೆ

ಕೋವಿಡ್ ಮುಗಿದ ಮೇಲೆ ಭಾರತದಲ್ಲಿ ಅಮೆರಿಕದ ಪ್ರವಾಸಿ ವೀಸಾ ಸಂದರ್ಶನಕ್ಕೆ ಕಾಯುವ ಅವಧಿ ಕೆಲವು ನಗರಗಳಲ್ಲಿ 500 ದಿನ ಮೀರಿತ್ತು. ಆಗ ಜನ ಬ್ಯಾಂಕಾಕ್, ಫ್ರಾಂಕ್‌ಫರ್ಟ್ ಕಡೆ ಓಡಿದರು. 2023ರ ಫೆಬ್ರವರಿಯಲ್ಲಿ ಭಾರತದಲ್ಲಿರುವ ಅಮೆರಿಕದ ರಾಯಭಾರ ಕಚೇರಿಯೇ, ವಿದೇಶಕ್ಕೆ ಹೋಗುವವರು ಅಲ್ಲಿನ ಅಮೆರಿಕದ ಕಚೇರಿಯಲ್ಲಿ ಸಂದರ್ಶನದ ದಿನ ಹುಡುಕಬಹುದು ಅಂತ ಹೇಳಿ ಬ್ಯಾಂಕಾಕ್‌ನ ಉದಾಹರಣೆ ಕೊಟ್ಟಿತ್ತು. ಆ ಕಾಲದ ವಿಡಿಯೋಗಳು, ಸಲಹೆಗಳು ಇವತ್ತಿಗೂ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿವೆ.

ಅದನ್ನು ನಂಬಬೇಡಿ. 2025ರ ಸೆಪ್ಟೆಂಬರ್ 6ರಂದು ಅಮೆರಿಕದ ವಿದೇಶಾಂಗ ಇಲಾಖೆ ನಿಯಮ ಬದಲಿಸಿತು. ಪ್ರವಾಸಿ ವೀಸಾ ಸೇರಿದಂತೆ ತಾತ್ಕಾಲಿಕ ವೀಸಾಗಳಿಗೆ ಅರ್ಜಿ ಹಾಕುವವರು ತಮ್ಮ ಪೌರತ್ವದ ದೇಶದಲ್ಲಿ ಅಥವಾ ವಾಸದ ದೇಶದಲ್ಲಿ ಮಾತ್ರ ಸಂದರ್ಶನಕ್ಕೆ ದಿನ ಗೊತ್ತು ಮಾಡಿಕೊಳ್ಳಬೇಕು. ದುಬೈನಲ್ಲಿ ಕೆಲಸದಲ್ಲಿರುವ ಮಂಗಳೂರಿನವರು ಅಲ್ಲಿನ ವಾಸದ ದಾಖಲೆ ತೋರಿಸಿ ದುಬೈನಲ್ಲೇ ಹಾಕಬಹುದು. ದುಬೈಗೆ ಹತ್ತು ದಿನ ತಿರುಗಾಡಲು ಹೋದವರಿಗೆ ಆ ದಾರಿ ಇಲ್ಲ. ಕಟ್ಟಿದ 185 ಡಾಲರ್ ಶುಲ್ಕ ವಾಪಸ್ ಬರುವುದಿಲ್ಲ.

ಜಪಾನ್ ಕೂಡ ವಾಸದ ದೇಶದಲ್ಲೇ ಅರ್ಜಿ ಹಾಕಿ ಅನ್ನುವ ಗುಂಪಿನದ್ದು. 2024ರ ಏಪ್ರಿಲ್‌ನಿಂದ ಭಾರತೀಯರಿಗೆ ಜಪಾನಿನ ಇ-ವೀಸಾ ಇದೆ, ಆದರೆ ಅದು ಭಾರತದಲ್ಲಿ ವಾಸಿಸುವವರಿಗೆ, ಇಲ್ಲಿನ ವೀಸಾ ಕೇಂದ್ರದ ಮೂಲಕ. ಇ-ವೀಸಾ ಅಂದ ತಕ್ಷಣ ಎಲ್ಲಿಂದ ಬೇಕಾದರೂ ಸಿಗುತ್ತದೆ ಅಂದುಕೊಳ್ಳಬಾರದು. ಅಂದಹಾಗೆ, ಜಪಾನಿನ ಇ-ವೀಸಾವನ್ನು ವಿಮಾನ ನಿಲ್ದಾಣದಲ್ಲಿ ಇಂಟರ್‌ನೆಟ್ ಮೂಲಕ ಫೋನಿನಲ್ಲೇ ತೆರೆದು ತೋರಿಸಬೇಕು. ಸ್ಕ್ರೀನ್‌ಶಾಟ್ ನಡೆಯುವುದಿಲ್ಲ.

ಎಲ್ಲಿಂದಾದರೂ ಕೇಳಿ ಅನ್ನುವವರು

ಬ್ರಿಟನ್ ಈ ವಿಷಯದಲ್ಲಿ ಉದಾರಿ. ಸಂದರ್ಶಕ ವೀಸಾಗೆ ಬ್ರಿಟನ್ನಿನ ಹೊರಗೆ ಎಲ್ಲಿಂದ ಬೇಕಾದರೂ ಅರ್ಜಿ ಹಾಕಬಹುದು. ಅರ್ಜಿ ಆನ್‌ಲೈನ್, ಆಮೇಲೆ ನೀವಿರುವ ದೇಶದ ವೀಸಾ ಕೇಂದ್ರಕ್ಕೆ ಹೋಗಿ ಬೆರಳಚ್ಚು, ಫೋಟೋ ಕೊಡಬೇಕು. ಅನುಮತಿ ಇದೆ ಅಂದ ಮಾತ್ರಕ್ಕೆ ಅದೇ ಜಾಣತನ ಅಂತಲ್ಲ. ಊರಿನ ಸಾಕ್ಷಿಗಳನ್ನು ಅಷ್ಟೇ ಗಟ್ಟಿಯಾಗಿ ಕೊಡಬೇಕು. ನಾಲ್ಕು ತಿಂಗಳಿಂದ ಅಲೆಯುತ್ತಿರುವವರು ಈಗ ಬ್ರಿಟನ್ನಿಗೂ ಹೊರಟಿದ್ದಾರೆ ಅಂದರೆ ಇವರು ಊರಿನಲ್ಲಿ ಏನು ಕೆಲಸ ಮಾಡುತ್ತಾರೆ, ಖರ್ಚಿಗೆ ದುಡ್ಡು ಎಲ್ಲಿಂದ ಅನ್ನುವ ಪ್ರಶ್ನೆ ಯಾರಿಗಾದರೂ ಬರುತ್ತದೆ. ಅರ್ಜಿಯ ಜೊತೆ ಒಂದು ಪುಟದ ಪತ್ರದಲ್ಲಿ ಇದಕ್ಕೆ ನೇರವಾಗಿ ಉತ್ತರ ಬರೆದುಬಿಡಿ.

ಕೆನಡಾ ಕೂಡ ಹಾಗೆಯೇ. ನೀವು ಕಾನೂನುಬದ್ಧವಾಗಿ ಒಳಬಂದಿರುವ ದೇಶದಿಂದ ಆನ್‌ಲೈನ್ ಅರ್ಜಿ ಹಾಕಬಹುದು. ಅಮೆರಿಕದಲ್ಲಿ ಮಕ್ಕಳ ಮನೆಗೆ ಬಂದ ನಮ್ಮ ಹಿರಿಯರಿಗೆ ಇದು ತುಂಬ ಉಪಯೋಗಕ್ಕೆ ಬರುವ ವಿಷಯ. ನಯಾಗರ ನೋಡಲು ಹೋದವರೆಲ್ಲ ಅಮೆರಿಕದ ದಡದಲ್ಲಿ ನಿಂತು ಆ ಕಡೆ ನೋಡುತ್ತಾರೆ. ಕುದುರೆ ಲಾಳದ ಆಕಾರದ ದೊಡ್ಡ ಜಲಪಾತ ಪೂರ್ತಿ ಎದುರಿಗೆ ಕಾಣುವುದು ಕೆನಡಾದ ದಡದಿಂದ. ನಡುವೆ ಇರುವುದು ಒಂದು ಸೇತುವೆ. ಭಾರತದ ಪಾಸ್‌ಪೋರ್ಟಿನವರು ಅದನ್ನು ದಾಟಲು ಕೆನಡಾದ ವೀಸಾ ಬೇಕು, ಅಮೆರಿಕದ ವೀಸಾ ಸಾಲದು.

ಇದಕ್ಕೆ 100 ಕೆನಡಾ ಡಾಲರ್ ವೀಸಾ ಶುಲ್ಕ, 85 ಡಾಲರ್ ಬಯೋಮೆಟ್ರಿಕ್ ಶುಲ್ಕ. ಬೆರಳಚ್ಚನ್ನು ಅಮೆರಿಕದಲ್ಲೇ ವಲಸೆ ಇಲಾಖೆಯ ಕೇಂದ್ರಗಳಲ್ಲಿ ಕೊಡಬಹುದು. ಒಮ್ಮೆ ಕೊಟ್ಟರೆ ಹತ್ತು ವರ್ಷ ನಡೆಯುತ್ತದೆ. ಒಪ್ಪಿಗೆ ಬಂದ ಮೇಲೆ ಸ್ಟಿಕ್ಕರ್ ಅಂಟಿಸಲು ಪಾಸ್‌ಪೋರ್ಟನ್ನು ಕೆನಡಾದ ವೀಸಾ ಕೇಂದ್ರಕ್ಕೆ ಕಳಿಸಬೇಕು. ಎಲ್ಲ ಸೇರಿ ವಾರಗಳು ಬೇಕು. ಆದ್ದರಿಂದ ಮೊಮ್ಮಗುವಿನ ನಾಮಕರಣ ಮುಗಿಸಿ, ವಾಪಸ್ ಹೋಗುವ ತಿಂಗಳಲ್ಲಿ ನಯಾಗರದ ಯೋಚನೆ ಮಾಡುವ ಬದಲು ಬಂದ ಮೊದಲ ವಾರವೇ ಅರ್ಜಿ ಹಾಕಿಬಿಡುವುದು ಒಳ್ಳೆಯದು. ಅದಕ್ಕಿಂತ ಒಳ್ಳೆಯದು ಬೆಂಗಳೂರಿನಿಂದಲೇ ಮಾಡಿಸಿಕೊಂಡು ಬರುವುದು. ಅಮೆರಿಕಕ್ಕೆ ಮರಳಲು ಅಲ್ಲಿನ ವೀಸಾಗೆ ಅವಧಿಯೂ ಪ್ರವೇಶವೂ ಉಳಿದಿದೆಯೇ ಅಂತ ಮೊದಲೇ ನೋಡಿಕೊಳ್ಳಿ. ಕೆನಡಾಕ್ಕೆ ಎರಡು ದಿನ ಹೋಗಿಬಂದರೆ ಅಮೆರಿಕದಲ್ಲಿ ಉಳಿಯುವ ಗಡುವು ಮತ್ತೆ ಆರು ತಿಂಗಳು ಮುಂದೆ ಹೋಗುತ್ತದೆ ಅಂತ ಹೇಳುವವರಿದ್ದಾರೆ. ಆ ಲೆಕ್ಕ ನಂಬಬೇಡಿ. ಒಳಬಂದಾಗ ಕೊಟ್ಟ ತಾರೀಕೇ ನಿಮ್ಮ ಗಡುವು ಅಂತ ಇಟ್ಟುಕೊಂಡು ನಡೆಯಿರಿ.

ಇ-ವೀಸಾ: ಹೆಸರಿನ ಖಾನೆಯಲ್ಲಿ ನಿಧಾನಿಸಿ

ಕೆಲಸ ಬಿಟ್ಟೋ ರಜೆ ಹಾಕಿಯೋ ಮೂರ್ನಾಲ್ಕು ತಿಂಗಳು ಆಗ್ನೇಯ ಏಷ್ಯಾ ಸುತ್ತುವ ಹುಡುಗ ಹುಡುಗಿಯರು ಈಗ ನಮ್ಮಲ್ಲಿ ಬಹಳ. ಅವರಿಗೆ ಮೇಲಿನ ಕಷ್ಟ ಕಡಿಮೆ. ಆ ಕಡೆಯ ಕೆಲವು ದೇಶಗಳು ವಾಸ ಎಲ್ಲಿ ಅಂತ ನೋಡದೆಯೇ ವೀಸಾ ಕೊಡುತ್ತವೆ. ವಿಯೆಟ್ನಾಂ 2023ರ ಆಗಸ್ಟ್ 15ರಿಂದ ಎಲ್ಲ ದೇಶದವರಿಗೂ 90 ದಿನದವರೆಗಿನ ಇ-ವೀಸಾ ಕೊಡುತ್ತಿದೆ. ಒಂದು ಪ್ರವೇಶಕ್ಕೆ 25 ಡಾಲರ್, ಹಲವು ಪ್ರವೇಶಕ್ಕೆ 50. ಬ್ಯಾಂಕಾಕ್‌ನ ಹಾಸ್ಟೆಲ್‌ನಲ್ಲಿ ಕೂತು ಫೋನಿನಲ್ಲೇ ಹಾಕಬಹುದು, ಪಾಸ್‌ಪೋರ್ಟ್ ನಿಮ್ಮ ಜೇಬಿನಲ್ಲೇ ಇರುತ್ತದೆ.

ಈ ಅರ್ಜಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ಎಲ್ಲ ಇ-ವೀಸಾಗಳಲ್ಲೂ ಪೆಟ್ಟು ಬೀಳುವುದು ಇದೇ ಜಾಗಗಳಲ್ಲಿ.

ಮೊದಲನೆಯದು ಹೆಸರು. ಕನ್ನಡಿಗರಲ್ಲಿ ಬಹಳ ಜನರಿಗೆ ಮನೆತನದ ಹೆಸರು ಅಂತ ಬೇರೆ ಇಲ್ಲ. ತಂದೆಯ ಹೆಸರೋ, ಊರಿನ ಹೆಸರೋ, ಬರೀ ಇನಿಷಿಯಲ್ಲೋ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾನೆ ಖಾಲಿ ಬಿಟ್ಟು ಎಲ್ಲವನ್ನೂ ಗಿವನ್ ನೇಮ್‌ನಲ್ಲಿ ಹಾಕಿಸಿದವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಆದರೆ ವಿದೇಶಿ ಅರ್ಜಿಗಳು ಎರಡೂ ಖಾನೆ ತುಂಬಿ ಅನ್ನುತ್ತವೆ. ಆಗ ಆಧಾರ್ ಕಾರ್ಡಿನಲ್ಲಿ ಇರುವ ಹಾಗೆ ಬರೆಯುವುದು, ಇನಿಷಿಯಲ್ ಬಿಡಿಸಿ ಬರೆಯುವುದು ಎರಡೂ ಬೇಡ. ಪಾಸ್‌ಪೋರ್ಟಿನ ಫೋಟೋ ಪುಟದ ಕೆಳಗೆ ಬಾಣದ ಗುರುತುಗಳ ಜೊತೆ ಎರಡು ಸಾಲು ಇರುತ್ತವಲ್ಲ, ಯಂತ್ರ ಓದುವುದು ಆ ಸಾಲುಗಳನ್ನು. ಅಲ್ಲಿ ಹೆಸರು ಯಾವ ಕ್ರಮದಲ್ಲಿದೆಯೋ ಅದೇ ಕ್ರಮ ಹಿಡಿಯಿರಿ. ಖಾಲಿ ಖಾನೆಗೆ ಏನು ಹಾಕಬೇಕು ಅನ್ನುವುದಕ್ಕೆ ಪ್ರತಿ ದೇಶದ ಸೂಚನೆ ಬೇರೆ, ಅದನ್ನು ಅಲ್ಲೇ ಓದಿಕೊಳ್ಳಿ. ವಿಮಾನದ ಟಿಕೆಟ್ಟಿನಲ್ಲೂ ಅದೇ ಹೆಸರು ಇರಲಿ. ಯುಎಇ 2022ರ ನವೆಂಬರ್‌ನಲ್ಲಿ ಒಂದೇ ಪದದ ಹೆಸರಿರುವ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಇಲ್ಲ ಅಂದಾಗ ನಮ್ಮ ಕಡೆಯ ಎಷ್ಟೋ ಜನ ಪರದಾಡಿದರು. ನಿಮ್ಮದು ಅಂಥ ಪಾಸ್‌ಪೋರ್ಟ್ ಆಗಿದ್ದು, ದೊಡ್ಡ ಪ್ರವಾಸ ಮನಸ್ಸಿನಲ್ಲಿದ್ದರೆ ಊರಿನಲ್ಲಿರುವಾಗಲೇ ಸರ್‌ನೇಮ್ ಸೇರಿಸಿ ಹೊಸದು ಮಾಡಿಸಿಕೊಳ್ಳಿ. ಹಾಗೆ ಮಾಡಿಸುವಾಗ 36 ಪುಟದ ಬದಲು 60 ಪುಟದ ಪುಸ್ತಕ ಕೇಳಿ. ಸಾಮಾನ್ಯ ಅರ್ಜಿಯಲ್ಲಿ 1,500ರ ಬದಲು 2,000 ರೂಪಾಯಿ. ದಾರಿಯ ಮಧ್ಯೆ ಪುಟ ಖಾಲಿಯಾಗುವ ಭಯ ತಪ್ಪುತ್ತದೆ.

ಎರಡನೆಯದು ಯಾವ ಬಾಗಿಲಿನಿಂದ ಒಳಗೆ ಬರುತ್ತೀರಿ ಅನ್ನುವ ಖಾನೆ. ವಿಯೆಟ್ನಾಂ ಇ-ವೀಸಾ ಇಟ್ಟುಕೊಂಡವರು ಪಟ್ಟಿಯಲ್ಲಿರುವ ವಿಮಾನ ನಿಲ್ದಾಣ, ಬಂದರು, ಭೂಗಡಿಗಳಿಂದ ಮಾತ್ರ ಒಳಬರಬಹುದು. ಕಾಂಬೋಡಿಯಾದ ನಾಮ್ ಪೆನ್‌ನಿಂದ ಹೋ ಚಿ ಮಿನ್ ನಗರಕ್ಕೆ ಬಸ್ಸು ದಾಟುವ ಮೊಕ್ ಬಾಯ್ ಗಡಿ ಆ ಪಟ್ಟಿಯಲ್ಲಿದೆ. ಹಳ್ಳಿಗಾಡಿನ ಎಲ್ಲ ಸಣ್ಣ ಗಡಿಗಳೂ ಇಲ್ಲ. ವೀಸಾ ಇದ್ದೂ ಗಡಿಯೇ ಮುಚ್ಚಿರಬಹುದು. 2025ರಲ್ಲಿ ಥಾಯ್ಲೆಂಡ್ ಮತ್ತು ಕಾಂಬೋಡಿಯಾ ನಡುವೆ ಜಗಳವಾಗಿ ಭೂಗಡಿ ಬಂದ್ ಆದಾಗ, ಬಸ್ಸಿನಲ್ಲಿ ಸಿಯಾಮ್ ರೀಪ್‌ಗೆ ಹೋಗಿ ಅಂಗ್ಕೋರ್ ವಾಟ್ ನೋಡಬೇಕು ಅಂದುಕೊಂಡವರ ಯೋಜನೆ ತಲೆಕೆಳಗಾಯಿತು. ಬಸ್ ಟಿಕೆಟ್ ತೆಗೆಯುವ ವಾರ ಗಡಿಯ ಸ್ಥಿತಿ ನೋಡಿಕೊಳ್ಳಿ.

ಮೂರನೆಯದು ನಕಲಿ ತಾಣಗಳು. ಹುಡುಕಿದರೆ ಮೊದಲು ಕಾಣುವುದು ಜಾಹೀರಾತು ಕೊಟ್ಟ ಮಧ್ಯವರ್ತಿಗಳು. ಸರ್ಕಾರದ ತಾಣದಂತೆಯೇ ಬಣ್ಣ, ಲಾಂಛನ ಹಾಕಿಕೊಂಡು 25 ಡಾಲರ್ ಕೆಲಸಕ್ಕೆ ಮೂರ್ನಾಲ್ಕು ಪಟ್ಟು ಕೇಳುತ್ತಾರೆ. ದುಡ್ಡಿಗಿಂತ ನಿಮ್ಮ ಪಾಸ್‌ಪೋರ್ಟ್ ಪ್ರತಿ ಯಾರ ಕೈಗೆ ಹೋಯಿತು ಅನ್ನುವುದು ದೊಡ್ಡ ಚಿಂತೆ. ಆ ದೇಶದ ರಾಯಭಾರ ಕಚೇರಿಯ ಪುಟಕ್ಕೆ ಹೋಗಿ, ಅಲ್ಲಿ ಕೊಟ್ಟಿರುವ ಕೊಂಡಿಯಿಂದಲೇ ಅರ್ಜಿ ತೆರೆಯಿರಿ.

ವಿಯೆಟ್ನಾಂ ಅರ್ಜಿಗೆ ಮೂರು ಕೆಲಸದ ದಿನ ಅನ್ನುತ್ತಾರೆ. ಕೆಲಸದ ದಿನ ಅಂದರೆ ಅಲ್ಲಿನ ಕೆಲಸದ ದಿನ. ಜನವರಿ ಕೊನೆ, ಫೆಬ್ರವರಿಯಲ್ಲಿ ಬರುವ ಟೆಟ್ ಹಬ್ಬಕ್ಕೆ ಅಲ್ಲಿನ ಕಚೇರಿಗಳೆಲ್ಲ ಉದ್ದ ರಜೆ ಹಾಕುತ್ತವೆ. ಹತ್ತು ದಿನ ಕೈಯಲ್ಲಿಟ್ಟುಕೊಂಡೇ ಅರ್ಜಿ ಹಾಕಿ.

ಒಂದು ವೀಸಾ ಇನ್ನೊಂದು ದೇಶದ ಬಾಗಿಲು ತೆರೆಯುವುದು

ಊರಿನಿಂದ ಒಂದು ಗಟ್ಟಿ ವೀಸಾ ಮಾಡಿಸಿಕೊಂಡು ಹೊರಡಿ ಅಂತ ನಾನು ಒತ್ತಿ ಹೇಳುವುದಕ್ಕೆ ದೊಡ್ಡ ಕಾರಣ ಇದು. ಚಾಲ್ತಿಯಲ್ಲಿರುವ ಷೆಂಗೆನ್, ಬ್ರಿಟನ್ ಅಥವಾ ಅಮೆರಿಕ ವೀಸಾ ಇದ್ದರೆ ಭಾರತೀಯರು ಜಾರ್ಜಿಯಾ, ಸರ್ಬಿಯಾಗಳಿಗೆ ಬೇರೆ ವೀಸಾ ಇಲ್ಲದೆ 90 ದಿನದವರೆಗೆ ಹೋಗಬಹುದು. ಸರ್ಬಿಯಾ ಮೊದಲು ಎಲ್ಲ ಭಾರತೀಯರಿಗೂ ಬಾಗಿಲು ತೆರೆದಿತ್ತು. 2023ರ ಜನವರಿ 1ರಿಂದ ಅದು ನಿಂತು, ಈಗ ಇಂಥ ವೀಸಾ ಇದ್ದವರಿಗೆ ಮಾತ್ರ. ಮೆಕ್ಸಿಕೋ ಕೂಡ ಅಮೆರಿಕದ ವೀಸಾ ಇದ್ದವರನ್ನು ಬೇರೆ ವೀಸಾ ಕೇಳುವುದಿಲ್ಲ. ಟರ್ಕಿಯಲ್ಲಿ ಇಂಥ ವೀಸಾ ಇದ್ದರೆ ಇ-ವೀಸಾ, ಇಲ್ಲದಿದ್ದರೆ ಕಾನ್ಸುಲೇಟಿಗೆ ಹೋಗಿ ಸ್ಟಿಕ್ಕರ್. ಬ್ರಿಟನ್ ವೀಸಾದ ಮೇಲೆ ಐರ್ಲೆಂಡ್ ಜೊತೆಗಿನ ಒಪ್ಪಂದದ ಗುರುತು ಇದ್ದರೆ, ಮೊದಲು ಬ್ರಿಟನ್ನಿಗೆ ಬಂದು ಆಮೇಲೆ ಡಬ್ಲಿನ್‌ಗೂ ಹೋಗಿಬರಬಹುದು. ಭಾರತೀಯರಿಗೆ ಈ ಅನುಕೂಲ 2015ರಿಂದ ಇದೆ.

ಷರತ್ತುಗಳನ್ನು ಮಾತ್ರ ಒಂದೊಂದಾಗಿ ಓದಬೇಕು. ಕೆಲವರು ಹಲವು ಪ್ರವೇಶದ ವೀಸಾವನ್ನೇ ಕೇಳುತ್ತಾರೆ. ಕೆಲವರು ಅದನ್ನು ಒಮ್ಮೆಯಾದರೂ ಬಳಸಿರಬೇಕು ಅನ್ನುತ್ತಾರೆ. ಮುಗಿದ ವೀಸಾ ಬಹುತೇಕ ಕಡೆ ನಡೆಯುವುದಿಲ್ಲ. ಆಫ್ರಿಕಾದಲ್ಲಿ ಇನ್ನೊಂದು ರೀತಿಯ ಅನುಕೂಲ ಇದೆ. ಕೀನ್ಯಾ, ಉಗಾಂಡ, ರುವಾಂಡ ಮೂರಕ್ಕೂ ಸೇರಿ 100 ಡಾಲರ್‌ನ 90 ದಿನದ ಒಂದೇ ಪ್ರವಾಸಿ ವೀಸಾ ಸಿಗುತ್ತದೆ. ಮೊದಲು ಹೋಗುವ ದೇಶಕ್ಕೆ ಅರ್ಜಿ ಹಾಕಬೇಕು.

ಪಾಸ್‌ಪೋರ್ಟ್ ಅವರ ಹತ್ತಿರ, ದಿನಗಳು ನಿಮ್ಮ ತಲೆಯ ಮೇಲೆ

ದಾರಿಯಲ್ಲಿ ಸ್ಟಿಕ್ಕರ್ ವೀಸಾಗೆ ಅರ್ಜಿ ಹಾಕುವವರು ಮರೆಯುವುದು ಇದನ್ನೇ. ಪಾಸ್‌ಪೋರ್ಟ್ ರಾಯಭಾರ ಕಚೇರಿಯೊಳಗೆ ಕೂತಿರುವಾಗ ನೀವಿರುವ ದೇಶದಲ್ಲಿ ನಿಮಗೆ ಕೊಟ್ಟ ದಿನಗಳು ಕಡಿಮೆಯಾಗುತ್ತಲೇ ಇರುತ್ತವೆ. 30 ದಿನಕ್ಕೆ ಬಂದಿದ್ದೀರಿ, ಹತ್ತನೇ ದಿನ ಅರ್ಜಿ ಕೊಟ್ಟಿರಿ, ತೀರ್ಮಾನ ಮೂರು ವಾರ ತಡವಾಯಿತು. ಈಗ ಅರ್ಜಿ ಹಿಂದಕ್ಕೆ ಪಡೆದು ಶುಲ್ಕ ಕಳೆದುಕೊಳ್ಳಬೇಕು, ಇಲ್ಲವೇ ಅವಧಿ ಮೀರಿ ಉಳಿದವರಾಗಬೇಕು. ಥಾಯ್ಲೆಂಡಿನಲ್ಲಿ ಅವಧಿ ಮೀರಿದರೆ ದಿನಕ್ಕೆ 500 ಬಾತ್ ದಂಡ, ಗರಿಷ್ಠ 20,000 ಬಾತ್. ದಂಡ ಕಟ್ಟಿದರೆ ಮುಗಿಯಿತು ಅಂತಲ್ಲ, ಅವಧಿ ಮೀರಿದ ದಾಖಲೆ ಮುಂದಿನ ಅರ್ಜಿಗಳಲ್ಲಿ ಕಾಡುತ್ತದೆ. ಆ ದೇಶ 2024ರ ಜುಲೈನಲ್ಲಿ ಭಾರತೀಯರಿಗೆ ವೀಸಾ ಇಲ್ಲದೆ 60 ದಿನ ಕೊಡಲು ಶುರು ಮಾಡಿತು, ಆಮೇಲೆ ಅದನ್ನು ಇಳಿಸುವ ಮಾತೂ ಕೇಳಿಬಂತು. ಎಷ್ಟು ದಿನ ಅನ್ನುವುದಕ್ಕೆ ಯಾರ ಮಾತೂ ಬೇಡ, ಪಾಸ್‌ಪೋರ್ಟಿನಲ್ಲಿ ಒತ್ತಿದ ಮುದ್ರೆಯ ತಾರೀಕು ನೋಡಿ.

ಪಾಸ್‌ಪೋರ್ಟ್ ಇಲ್ಲದೆ ಹೋಟೆಲ್ ಬದಲಿಸುವುದು, ದೇಶದೊಳಗಿನ ವಿಮಾನ ಹತ್ತುವುದು, ಸಿಮ್ ಕೊಳ್ಳುವುದು ಎಲ್ಲವೂ ಕಷ್ಟ. ಜಪಾನಿನಂಥ ದೇಶಗಳಲ್ಲಿ ಪ್ರವಾಸಿಗಳು ಪಾಸ್‌ಪೋರ್ಟನ್ನು ಯಾವಾಗಲೂ ಜೊತೆಯಲ್ಲಿ ಇಟ್ಟುಕೊಂಡಿರಬೇಕು ಅನ್ನುವ ಕಾನೂನೇ ಇದೆ. ಆದ್ದರಿಂದ ಒಂದೇ ಊರಿನಲ್ಲಿ, ಒಂದೇ ಮನೆಯಲ್ಲಿ ಉಳಿಯುವ ವಾರಗಳನ್ನು ಇದಕ್ಕೆ ಇಟ್ಟುಕೊಳ್ಳಿ. ಕೊಡುವ ಮುಂಚೆ ಫೋಟೋ ಪುಟ ಮತ್ತು ಪ್ರವೇಶ ಮುದ್ರೆಯ ಪುಟ ಎರಡನ್ನೂ ಜೆರಾಕ್ಸ್ ಮಾಡಿಸಿ, ಕೇಂದ್ರ ಕೊಟ್ಟ ರಸೀದಿಯ ಜೊತೆ ಇಟ್ಟುಕೊಳ್ಳಿ.

ಕಾಗದಪತ್ರಗಳ ವಿಷಯಕ್ಕೆ ಬಂದರೆ, ಊರು ಬಿಟ್ಟ ಮೇಲೆ ಸಿಗದಿರುವುದು ಬ್ಯಾಂಕಿನ ಸೀಲು. ಬಹಳ ಕಾನ್ಸುಲೇಟ್‌ಗಳು ಸೀಲು, ಸಹಿ ಇರುವ ಸ್ಟೇಟ್‌ಮೆಂಟ್ ಕೇಳುತ್ತವೆ, ಅದೂ ಇತ್ತೀಚಿನದು. ಹೊರಡುವಾಗ ತೆಗೆದುಕೊಂಡದ್ದು ಮೂರು ತಿಂಗಳಲ್ಲಿ ಹಳೆಯದಾಗುತ್ತದೆ. ಮ್ಯಾನೇಜರ್ ಜೊತೆ ಮೊದಲೇ ಮಾತಾಡಿ, ಮನೆಯವರಿಗೆ ಅಧಿಕಾರ ಪತ್ರ ಬರೆದುಕೊಟ್ಟು ಹೋದರೆ ಅವರು ತೆಗೆದು ಸ್ಕ್ಯಾನ್ ಮಾಡಿ ಕಳಿಸಬಹುದು. ಮೂರು ವರ್ಷದ ತೆರಿಗೆ ರಿಟರ್ನ್ಸ್, ರಜೆ ಪತ್ರ, ಪಿಂಚಣಿ ಆದೇಶ, ಜಮೀನು ಇದ್ದರೆ ಪಹಣಿ ಎಲ್ಲವನ್ನೂ ಫೋನಿನಲ್ಲಿ ಇಟ್ಟುಕೊಂಡಿರಿ. ಪಹಣಿಯನ್ನು ಭೂಮಿ ತಾಣದಿಂದ ಎಲ್ಲಿದ್ದರೂ ಇಳಿಸಿಕೊಳ್ಳಬಹುದು, ಆದರೆ ಅದು ಕನ್ನಡದಲ್ಲಿರುತ್ತದೆ. ಇಂಗ್ಲಿಷ್ ಅನುವಾದವನ್ನು ನೋಟರಿ ಮಾಡಿಸಿಕೊಂಡೇ ಹೊರಡಿ. ಮಕ್ಕಳ ಜೊತೆ ತಂದೆ ಅಥವಾ ತಾಯಿ ಒಬ್ಬರೇ ಹೊರಟಿದ್ದರೆ ಇನ್ನೊಬ್ಬರ ಒಪ್ಪಿಗೆ ಪತ್ರವೂ ಹಾಗೆಯೇ.

ಇನ್ನು ಒಟಿಪಿ. ವೀಸಾ ಶುಲ್ಕ ಕಟ್ಟುವಾಗ ಅದು ಬರುವುದು ಭಾರತದ ನಂಬರಿಗೆ. ಆ ಸಿಮ್ ತೆಗೆದಿಟ್ಟು ಅಲ್ಲಿನ ಸಿಮ್ ಹಾಕಿಕೊಂಡಿದ್ದರೆ ಎಲ್ಲ ತುಂಬಿದ ಅರ್ಜಿ ಕೊನೆಯ ಮೆಟ್ಟಿಲಲ್ಲಿ ನಿಲ್ಲುತ್ತದೆ. ಎರಡು ಸಿಮ್ ಹಾಕುವ ಫೋನ್ ಒಯ್ಯಿರಿ, ಭಾರತದ ಸಿಮ್‌ಗೆ ರೋಮಿಂಗ್ ತೆರೆದಿರಲಿ. 2020ರಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ನಾವಾಗಿ ತೆರೆಯುವವರೆಗೆ ಮುಚ್ಚಿರುತ್ತದೆ. ವಿಮಾನ ಹತ್ತುವ ಮುಂಚೆ ಬ್ಯಾಂಕಿನ ಆ್ಯಪ್‌ನಲ್ಲಿ ತೆರೆದುಕೊಳ್ಳಿ.

ತಿರಸ್ಕಾರ ಆದರೆ

ದಾರಿಯಲ್ಲಿ ಹಾಕಿದ ಅರ್ಜಿ ತಿರಸ್ಕಾರವಾದರೆ ಹೋಗುವುದು ಬರೀ ಶುಲ್ಕವಲ್ಲ. ಷೆಂಗೆನ್ ತಿರಸ್ಕಾರ ಅವರ ಸಾಮಾನ್ಯ ವೀಸಾ ದಾಖಲೆಯಲ್ಲಿ ಐದು ವರ್ಷ ಉಳಿಯುತ್ತದೆ, 29 ದೇಶಗಳಿಗೂ ಕಾಣುತ್ತದೆ. ಬ್ರಿಟನ್, ಕೆನಡಾದ ಅರ್ಜಿಗಳಲ್ಲಿ ಹಿಂದೆ ಎಲ್ಲಾದರೂ ವೀಸಾ ನಿರಾಕರಿಸಿದ್ದಾರೆಯೇ ಅನ್ನುವ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಹಾಗಾಗಿ ಸಿಕ್ಕರೆ ಸಿಗಲಿ ಅಂತ ಸುಮ್ನೆ ಒಂದು ಅರ್ಜಿ ಎಸೆಯುವುದು ಬೇಡ. ಅನುಮಾನ ಇದ್ದರೆ ಆ ದೇಶವನ್ನು ಈ ಸಲ ಬಿಟ್ಟು ವಿಯೆಟ್ನಾಮೋ ಜಾರ್ಜಿಯಾವೋ ನೋಡಿಕೊಂಡು ಬನ್ನಿ.

ತಿರಸ್ಕಾರ ಆಗಿಯೇ ಹೋದರೆ ಕಾರಣ ಬರೆದ ಪತ್ರವನ್ನು ಎಸೆಯಬೇಡಿ. ಷೆಂಗೆನ್ ಪತ್ರದಲ್ಲಿ ಯಾವ ಕಾರಣಕ್ಕೆ ಅಂತ ಗುರುತು ಹಾಕಿರುತ್ತಾರೆ, ಮೇಲ್ಮನವಿ ಸಲ್ಲಿಸುವ ಹಕ್ಕೂ ಇದೆ. ಊರಿಗೆ ಬಂದ ಮೇಲೆ ಹೊಸ ಅರ್ಜಿ ಹಾಕುವಾಗ, ಹಿಂದಿನ ತಿರಸ್ಕಾರದ ಪ್ರಶ್ನೆಗೆ ಹೌದು ಅಂತಲೇ ಬರೆಯಿರಿ. ಅದನ್ನು ಮುಚ್ಚಿಟ್ಟು ಸಿಕ್ಕಿಬಿದ್ದರೆ ಬ್ರಿಟನ್ ಹತ್ತು ವರ್ಷದವರೆಗೆ, ಕೆನಡಾ ಐದು ವರ್ಷ ಬಾಗಿಲು ಮುಚ್ಚಬಹುದು. ಪತ್ರದ ಪ್ರತಿ ಲಗತ್ತಿಸಿ, ಆಗ ಯಾವ ಕಾಗದ ಇರಲಿಲ್ಲವೋ ಅದನ್ನು ಈಗ ಎಲ್ಲಕ್ಕಿಂತ ಮೇಲೆ ಇಡಿ.